ಲೋಹ ಗೆದ್ದರೆ ಷೇರೂ ಗೆಲ್ಲುತ್ತದೆಯೇ? ಸಣ್ಣ ಮೆಟೀರಿಯಲ್ಸ್ ಕಂಪನಿಗೆ ಹಣ ಹಾಕುವವರಿಗೆ ಕೆಜಿಎಫ್ ಕಲಿಸಿದ 9 ಸೂತ್ರಗಳು

ಮಾರಿಕುಪ್ಪಂನಿಂದ ಹೊರಟು, ಬಂಗಾರಪೇಟೆಯಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡು ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ಈಗ ಷೇರಿನ ಮಾತು ಜೋರು. "ಗ್ರ್ಯಾಫೀನ್ ಮಾಡೋ ಕಂಪನಿಯಂತೆ ಗುರು, ಈಗಲೇ ತಗೊಂಡ್ರೆ ಹತ್ತು ಪಟ್ಟು" ಎಂದು ಒಬ್ಬರೆಂದರೆ, "ಮೂರು ವರ್ಷದಿಂದ ನಷ್ಟ ತೋರಿಸ್ತಿದೆ ಕಣೋ, ಏನು ನೋಡಿ ತಗೋತೀಯ?" ಎಂದು ಇನ್ನೊಬ್ಬರು. ವಿಶೇಷ ಮಿಶ್ರಲೋಹ, ಅಪರೂಪದ ಖನಿಜದ ಅಯಸ್ಕಾಂತ, ಬ್ಯಾಟರಿ ಪುಡಿ, ಸೆರಾಮಿಕ್ ಲೇಪನ, ಹೀಗೆ ದಿನಕ್ಕೊಂದು ಹೆಸರು ಕೇಳಿಬರುತ್ತದೆ.

ಈ ವಾದ ನಮ್ಮ ನೆಲಕ್ಕೆ ಹೊಸದಲ್ಲ. 140 ವರ್ಷಗಳ ಹಿಂದೆ ಲಂಡನ್ನಿನ ಸಣ್ಣ ಷೇರುದಾರರು ಇದೇ ಧಾಟಿಯಲ್ಲಿ ಜಗಳಾಡಿದ್ದು ನಮ್ಮ ಕೋಲಾರ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ, ಬಂಡೆಯ ಬಗ್ಗೆ. ಆ ಕತೆಯಿಂದ ನಾನು ಕಲಿತ ಮುಖ್ಯ ಮಾತು ಒಂದೇ: ನೆಲದಲ್ಲಿ ಚಿನ್ನ ಇರುವುದು ಬೇರೆ, ಅದರಿಂದ ಷೇರುದಾರನಿಗೆ ಲಾಭ ಬರುವುದು ಬೇರೆ. ಇವೆರಡರ ನಡುವೆ ಖರ್ಚು, ಗಿರಾಕಿ, ಕಾಲ, ಕೈಯಲ್ಲಿರುವ ಹಣ ಎಂಬ ನಾಲ್ಕು ಗೇಟುಗಳಿವೆ. ಅವನ್ನು ದಾಟಲು ಈ ಒಂಬತ್ತು ಸೂತ್ರ.

1. ವಸ್ತುವನ್ನು ಮೆಚ್ಚಿ, ಕಂಪನಿಯನ್ನು ತೂಗಿ

2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗ್ರ್ಯಾಫೀನ್ ಬೇರ್ಪಡಿಸಿದ ಗೈಮ್ ಮತ್ತು ನೊವೊಸೆಲೊವ್ ಅವರಿಗೆ 2010ರಲ್ಲಿ ನೊಬೆಲ್ ಬಂತು. ಆ ಹುರುಪಿನ ನಡುವೆ ಡರ್ಹಮ್ ವಿಶ್ವವಿದ್ಯಾಲಯದಿಂದ ಹುಟ್ಟಿದ ಅಪ್ಲೈಡ್ ಗ್ರ್ಯಾಫೀನ್ ಮೆಟೀರಿಯಲ್ಸ್ ಎಂಬ ಪುಟ್ಟ ಕಂಪನಿ 2013ರಲ್ಲಿ ಲಂಡನ್ನಿನ ಸಣ್ಣ ಕಂಪನಿಗಳ ಷೇರುಪೇಟೆಗೆ ಬಂತು. ಇದೇ ಡರ್ಹಮ್‌ನ ವಿಜ್ಞಾನಿಗಳು 1965ರಲ್ಲಿ ಕೆಜಿಎಫ್ ಗಣಿಯ ಆಳದಲ್ಲಿ ನ್ಯೂಟ್ರಿನೊಗಳ ಸುಳಿವು ಹಿಡಿದ ತಂಡದಲ್ಲೂ ಇದ್ದರು. ವಿದ್ಯೆಗೆ ಅಲ್ಲಿ ಕೊರತೆ ಇರಲಿಲ್ಲ. ಆದರೂ ಹತ್ತು ವರ್ಷ ತುಂಬುವ ಮೊದಲೇ, 2023ರಲ್ಲಿ, ಹಣ ಸಾಲದೆ ಕಂಪನಿಯ ವ್ಯವಹಾರ ಬೇರೆಯವರ ಪಾಲಾಯಿತು. ಗ್ರ್ಯಾಫೀನ್ ಇಂದಿಗೂ ಅದ್ಭುತ ವಸ್ತುವೇ. ಅದನ್ನು ನಂಬಿ ಷೇರು ಹಿಡಿದವರ ಹಣದ ಬಹುಪಾಲು ಮಾತ್ರ ಹಿಂದಕ್ಕೆ ಬರಲಿಲ್ಲ. ಹಾಗಾಗಿ "ಈ ವಸ್ತುವಿಗೆ ಭವಿಷ್ಯ ಇದೆಯೇ?" ಎಂದು ಕೇಳಿ ನಿಲ್ಲಿಸಬೇಡಿ. "ಆ ಭವಿಷ್ಯ ಬರುವವರೆಗೆ ಈ ಕಂಪನಿ ಉಳಿಯುತ್ತದೆಯೇ?" ಎಂದೂ ಕೇಳಿ.

2. ಟನ್‌ಗೆ ಎಷ್ಟು ಗ್ರಾಮ್ ಎಂದು ಕೇಳಿ

ಕೆಜಿಎಫ್ 120 ವರ್ಷಗಳಲ್ಲಿ ಕೊಟ್ಟ ಚಿನ್ನ ಸುಮಾರು 800 ಟನ್. ಕೇಳಲು ದೊಡ್ಡ ಅಂಕಿ. ಗಣಿ ನಡೆಸುವವರು ನೋಡುತ್ತಿದ್ದುದು ಮಾತ್ರ ಬೇರೆ ಅಂಕಿಯನ್ನು: ಒಂದು ಟನ್ ಅದಿರಿಗೆ ಎಷ್ಟು ಗ್ರಾಮ್? ಆರಂಭದ ಒಳ್ಳೆಯ ವರ್ಷಗಳಲ್ಲಿ ಅದು 40 ಗ್ರಾಮ್ ಮೀರಿತ್ತು, ಕೊನೆಗಾಲದಲ್ಲಿ ಮೂರು-ನಾಲ್ಕು ಗ್ರಾಮ್‌ಗೆ ಇಳಿಯಿತು. ಅತ್ತ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ, ಗಾಳಿ ತಂಪು ಮಾಡಬೇಕು, ನೀರು ಎತ್ತಬೇಕು, ಬಂಡೆ ಸಿಡಿಯದಂತೆ ಕಾಯಬೇಕು. ಸಿಗುವುದು ಕಡಿಮೆಯಾಗುತ್ತಾ, ಖರ್ಚು ಏರುತ್ತಾ ಹೋಯಿತು.

ಮೆಟೀರಿಯಲ್ಸ್ ಕಂಪನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಕುಲುಮೆಗೆ ಹಾಕಿದ ನೂರು ಕಿಲೋ ಸರಕಿನಲ್ಲಿ ಗಿರಾಕಿ ಒಪ್ಪುವ ಮಟ್ಟಕ್ಕೆ ಬರುವುದು ಎಷ್ಟು, ರಿಜೆಕ್ಟ್ ಎಷ್ಟು? ಒಂದು ಕಿಲೋ ಮಾಡಲು ತಗಲುವ ಖರ್ಚೆಷ್ಟು, ಮಾರುವ ದರವೆಷ್ಟು? "ವರ್ಷಕ್ಕೆ ಸಾವಿರ ಟನ್ ಸಾಮರ್ಥ್ಯ" ಎಂಬ ಘೋಷಣೆಗೆ ಮರುಳಾಗಬೇಡಿ. ಸಾಮರ್ಥ್ಯ ಎಂದರೆ ಯಂತ್ರದ ಹೊಟ್ಟೆಯ ಅಳತೆ ಮಾತ್ರ.

3. ಗ್ರಾಮ್‌ನಿಂದ ಟನ್‌ಗೆ ಹೋಗುವ ದಾರಿ ನೋಡಿ

ಪ್ರಯೋಗಾಲಯದಲ್ಲಿ ಚಮಚದಷ್ಟು ಬಂದದ್ದು ಕಾರ್ಖಾನೆಯಲ್ಲಿ ಲಾರಿಗಟ್ಟಲೆ ಬರಬೇಕಾದರೆ ಕರೆಂಟು, ನೀರು, ಸಾಗಾಟ, ನುರಿತ ಕೈಗಳು ಬೇಕು. ಕೋಲಾರದ ಚಿನ್ನ ಲಾಭದಾಯಕವಾಗಿ ಉಳಿದದ್ದರ ಹಿಂದೆ ಇವೆಲ್ಲ ಇದ್ದವು. 1890ರ ದಶಕದಲ್ಲಿ ಸಯನೈಡ್ ವಿಧಾನ ಬಂದ ಮೇಲೆ, ಮೊದಲು ಬಿಸಾಡುತ್ತಿದ್ದ ಮಣ್ಣಿನಿಂದಲೂ ಚಿನ್ನ ತೆಗೆಯಲು ಸಾಧ್ಯವಾಯಿತು. 1894ರಲ್ಲಿ ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಬೇತಮಂಗಲದಿಂದ ನೀರು ಬಂತು.

ನಿಮ್ಮ ಕಂಪನಿಯ ಕಾರ್ಖಾನೆ ಎಲ್ಲಿದೆ? ಹೈ ಟೆನ್ಷನ್ ಸಂಪರ್ಕ ಸಿಕ್ಕಿದೆಯೇ? ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬಂದಿದೆಯೇ? ಕಚ್ಚಾ ಸರಕು ಒಂದೇ ದೇಶದಿಂದ ಬರುತ್ತದೆಯೇ? ಇವಕ್ಕೆ ಉತ್ತರ ಸಿಗದಿದ್ದರೆ ಅಲ್ಲಿ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುತ್ತಿದ್ದಾರೆ ಎಂದೇ ಅರ್ಥ.

4. ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು, ಲೆಕ್ಕ ಹಾಕಿ

ಲಂಡನ್ನಿನ ಷೇರುದಾರರು ಜಗಳಾಡಿದ ಸಭೆಯನ್ನು ಹತ್ತಿರದಿಂದ ನೋಡೋಣ. ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಆರಂಭವಾದದ್ದು 1880ರಲ್ಲಿ. ಕೆಲವೇ ವರ್ಷಗಳಲ್ಲಿ ಬಂಡವಾಳವೆಲ್ಲ ಕರಗಿ ಉಳಿದದ್ದು ಸುಮಾರು 13,000 ಪೌಂಡ್. ಷೇರಿನ ಬೆಲೆ ಕೆಲವೇ ಪೆನ್ನಿಗಳಿಗೆ ಕುಸಿದಿತ್ತು. ಬಾಗಿಲು ಹಾಕಿ ಉಳಿದದ್ದನ್ನು ಹಂಚಿಕೊಳ್ಳೋಣ ಎಂದವರೇ ಹೆಚ್ಚು. ಟೇಲರ್ ಒಪ್ಪಲಿಲ್ಲ, ಉಳಿದ ಹಣದಲ್ಲಿ ಇನ್ನಷ್ಟು ಆಳಕ್ಕೆ ಇಳಿಯೋಣ ಎಂದು ಸಭೆಯನ್ನು ಒಪ್ಪಿಸಿದರು. ಕೋಲಾರದಲ್ಲಿ ಕೆಲಸದ ಹೊಣೆ ಹೊತ್ತಿದ್ದ ಕ್ಯಾಪ್ಟನ್ ಪ್ಲಮ್ಮರ್ ಪ್ರಾಚೀನರು ತೋಡಿ ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಇಳಿದಾಗ ಸಿಕ್ಕಿದ್ದೇ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ.

ಇದನ್ನು ಬರೀ ಧೈರ್ಯದ ಕತೆಯಾಗಿ ಓದಬೇಡಿ. ಕೈಯಲ್ಲಿ ಎಷ್ಟಿದೆ ಎಂಬುದು ಅವರಿಗೆ ಗೊತ್ತಿತ್ತು. ಯಾವ ಕೆಲಸಕ್ಕೆ ಹಾಕುತ್ತೇವೆ ಎಂಬುದೂ ಗೊತ್ತಿತ್ತು. ಅಲ್ಲಿ ಹಿಂದೆ ಜನ ಚಿನ್ನ ತೆಗೆದಿದ್ದರು ಎನ್ನುವುದಕ್ಕೆ ಆ ಗುಂಡಿಗಳೇ ಸಾಕ್ಷಿ. ನೀವೂ ವಾರ್ಷಿಕ ವರದಿಯ ನಗದು ಹರಿವಿನ ಪುಟ ತೆರೆಯಿರಿ. ಉದಾಹರಣೆಗೆ, ಕಂಪನಿಯ ಕೈಯಲ್ಲಿ 20 ಕೋಟಿ ಇದ್ದು, ವರ್ಷಕ್ಕೆ 8 ಕೋಟಿ ಕರಗುತ್ತಿದ್ದರೆ, ಆಯಸ್ಸು ಎರಡೂವರೆ ವರ್ಷ. ಮೊದಲ ದೊಡ್ಡ ಆರ್ಡರ್ ನಾಲ್ಕು ವರ್ಷದ ಮೇಲೆ ಎಂದು ಕಂಪನಿಯೇ ಹೇಳುತ್ತಿದ್ದರೆ ನಡುವಿನ ಒಂದೂವರೆ ವರ್ಷಕ್ಕೆ ಹಣ ಎಲ್ಲಿಂದ?

5. ನಿಮ್ಮ ಪಾಲು ತೆಳುವಾಗುತ್ತಿದೆಯೇ ಗಮನಿಸಿ

ಹೀಗೆ ಕೊರತೆ ಬಿದ್ದ ಹಣ ಹೆಚ್ಚಾಗಿ ಬರುವುದು ಹೊಸ ಷೇರುಗಳಿಂದ. ಒಂದು ಕೋಟಿ ಷೇರು ಒಂದೂವರೆ ಕೋಟಿ ಆದರೆ, ಶೇಕಡಾ 1 ಇದ್ದ ಪಾಲು ಶೇಕಡಾ 0.67ಕ್ಕೆ ಇಳಿಯುತ್ತದೆ. ಕಂಪನಿ ಬೆಳೆದರೂ ನೀವು ಬೆಳೆಯದಿರಬಹುದು. ಕಳೆದ ಐದು ವರ್ಷಗಳ ಒಟ್ಟು ಷೇರು ಸಂಖ್ಯೆ ಬರೆದುಕೊಳ್ಳಿ. ಪ್ರವರ್ತಕರ ಪಾಲು ಏರುತ್ತಿದೆಯೋ ಇಳಿಯುತ್ತಿದೆಯೋ, ಎಷ್ಟು ಅಡವಿಟ್ಟಿದ್ದಾರೆ ಎಂಬುದು ಮೂರು ತಿಂಗಳಿಗೊಮ್ಮೆ ಷೇರು ವಿನಿಮಯ ಕೇಂದ್ರದ ತಾಣದಲ್ಲಿ ಸಿಗುತ್ತದೆ. ಎಸ್‌ಎಂಇ ವೇದಿಕೆಯ ಕಂಪನಿಯಾದರೆ ಇನ್ನಷ್ಟು ಎಚ್ಚರ ಬೇಕು: ಅಲ್ಲಿ ಫಲಿತಾಂಶ ಬರುವುದೇ ಆರು ತಿಂಗಳಿಗೊಮ್ಮೆ, ಮತ್ತು ಮಾರಬೇಕೆಂದಾಗ ಕೊಳ್ಳುವವರು ಸಿಗುವ ಖಾತ್ರಿಯಿಲ್ಲ.

6. ಗಿರಾಕಿಯ ಹೆಸರು ಕೇಳಿ

ಚಿನ್ನಕ್ಕೊಂದು ಭಾಗ್ಯವಿದೆ, ತೆಗೆದರೆ ಸಾಕು, ಕೊಳ್ಳುವವರು ಇದ್ದೇ ಇದ್ದಾರೆ. ಹೊಸ ವಸ್ತುವಿಗೆ ಆ ಭಾಗ್ಯವಿಲ್ಲ. ಬೆಮೆಲ್ 1964ರಿಂದ ನಮ್ಮಲ್ಲಿದೆ. ಡೋಜರ್, ಎಕ್ಸ್‌ಕವೇಟರ್ ಮಾಡಿದ ಕೈಗಳು ಊರಿನ ಎಷ್ಟೋ ಮನೆಗಳಲ್ಲಿವೆ. ದೊಡ್ಡ ಯಂತ್ರಕ್ಕೆ ಹೊಸ ಉಕ್ಕನ್ನೋ ಹೊಸ ಲೇಪನವನ್ನೋ ಒಪ್ಪಿಸುವುದೆಂದರೆ ಏನೆಂದು ನಿವೃತ್ತ ದೊಡ್ಡಪ್ಪನನ್ನೋ ಮಾವನನ್ನೋ ಕೇಳಿ ನೋಡಿ. ಸ್ಯಾಂಪಲ್, ಟೆಸ್ಟ್ ಸರ್ಟಿಫಿಕೇಟ್, ಟ್ರಯಲ್, ಮತ್ತೆ ಟ್ರಯಲ್, ಆಮೇಲೆ ವೆಂಡರ್ ಪಟ್ಟಿಯಲ್ಲಿ ಹೆಸರು. ರಕ್ಷಣೆ, ವಿಮಾನ, ರೈಲು ಕ್ಷೇತ್ರಗಳಲ್ಲಿ ಇದಕ್ಕೆ ವರ್ಷಗಳೇ ಹಿಡಿಯುತ್ತವೆ.

ಹಾಗಾಗಿ ಸುದ್ದಿಯನ್ನು ಜರಡಿ ಹಿಡಿಯಿರಿ. ಒಡಂಬಡಿಕೆ (ಎಂಒಯು) ಎಂದರೆ ಬರೀ ಮಾತುಕತೆ. ಟ್ರಯಲ್ ಆರ್ಡರ್ ಎಂದರೆ ಪರೀಕ್ಷೆ. ಅದೇ ಗಿರಾಕಿ ಎರಡನೇ ಸಲ, ಮೂರನೇ ಸಲ ಆರ್ಡರ್ ಕೊಟ್ಟು, ಬಿಲ್ಲಿನ ಹಣ ಬ್ಯಾಂಕಿಗೆ ಬಂದರೆ ಅದು ವ್ಯಾಪಾರ. ಮಾರಾಟ ಏರುತ್ತಿದ್ದು, ಬರಬೇಕಾದ ಬಾಕಿ ಅದಕ್ಕಿಂತ ಜೋರಾಗಿ ಏರುತ್ತಿದ್ದರೆ ಅಲ್ಲೇ ನಿಂತು ಯೋಚಿಸಿ.

7. ಬೆಲೆಯ ಏರಿಳಿತವನ್ನು ಲೆಕ್ಕಕ್ಕೆ ಹಿಡಿಯಿರಿ

ಕೆಜಿಎಫ್ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ ಕೊನೆಯಲ್ಲಿ ಮುಚ್ಚಿದಾಗ ಅಂತರರಾಷ್ಟ್ರೀಯ ಪೇಟೆಯಲ್ಲಿ ಔನ್ಸ್ ಚಿನ್ನಕ್ಕೆ 270 ಡಾಲರ್ ಆಸುಪಾಸು. 2024ರಲ್ಲಿ ಅದೇ ಚಿನ್ನ 2,000 ಡಾಲರ್ ಮೀರಿತ್ತು. ಆ ವರ್ಷದ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೆಜಿಎಫ್‌ನ 1,003.4 ಎಕರೆಯಲ್ಲಿ ಹರಡಿರುವ, ಗಣಿ ಬಿಸಾಡಿದ ಮಣ್ಣಿನ 13 ದಿಬ್ಬಗಳ ಹರಾಜಿಗೆ ಒಪ್ಪಿತು. ಸುಮಾರು 3.3 ಕೋಟಿ ಟನ್ ಮಣ್ಣು, ಟನ್‌ಗೆ ಒಂದು ಗ್ರಾಮ್ ಆಸುಪಾಸು ಎಂಬ ಅಂದಾಜು. ನಾವು ಸಯನೈಡ್ ದಿಬ್ಬ ಎಂದು ನೋಡುತ್ತಾ ಬೆಳೆದದ್ದು ಹರಾಜಿನ ಸರಕಾದದ್ದು ಬೆಲೆಯಿಂದ.

ಬೆಲೆ ಎತ್ತುವಂತೆ ಕೆಡವಲೂ ಬಲ್ಲದು. 2010ರಲ್ಲಿ ಚೀನಾ ಅಪರೂಪದ ಖನಿಜಗಳ ರಫ್ತು ಬಿಗಿ ಮಾಡಿದಾಗ ಅಮೆರಿಕದ ಮಾಲಿಕಾರ್ಪ್ ಕಂಪನಿ ಮಿಂಚಿತು. 14 ಡಾಲರ್‌ಗೆ ಹೊರಬಂದ ಷೇರು ಮರುವರ್ಷವೇ 70 ಡಾಲರ್ ದಾಟಿತು. ಖನಿಜದ ಬೆಲೆ ಕುಸಿದಾಗ ಸಾಲದ ಹೊರೆ ತಾಳದೆ 2015ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಗಣಿ ಈಗ ಬೇರೆ ಕಂಪನಿಯ ಕೈಯಲ್ಲಿ ನಡೆಯುತ್ತಿದೆ, ಹಳೆಯ ಷೇರುದಾರರು ಮಾತ್ರ ಮುಳುಗಿದರು. ಇಂದಿನ ಬೆಲೆ ಅರ್ಧಕ್ಕಿಳಿದರೂ ಕಂಪನಿ ಬಡ್ಡಿ ಕಟ್ಟಬಲ್ಲದೇ ಎಂದು ನೋಡಿ. ಸಾಲವಿಲ್ಲದ ಸಣ್ಣ ಕಂಪನಿಗೆ ಕಾಯುವ ಶಕ್ತಿ ಹೆಚ್ಚು.

8. ಸೋತವರ ಪಟ್ಟಿಯನ್ನೂ ಓದಿ, ಎದುರು ವಾದವನ್ನು ನೀವೇ ಬರೆಯಿರಿ

ಚಾಂಪಿಯನ್ ರೀಫ್ ಕತೆ ಎಲ್ಲರಿಗೂ ಗೊತ್ತು. ಅದೇ 1880ರ ಸುಮಾರಿಗೆ ವಯನಾಡಿನ ಚಿನ್ನಕ್ಕೆಂದು ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿ, ಹತ್ತಾರು ಲಕ್ಷ ಪೌಂಡ್ ಎತ್ತಲು ಹೊರಟು, ಕೆಲವೇ ವರ್ಷಗಳಲ್ಲಿ ಮಣ್ಣುಪಾಲಾದದ್ದು ಎಷ್ಟು ಜನರಿಗೆ ಗೊತ್ತು? ಅಲ್ಲೂ ಚಿನ್ನ ಇತ್ತು, ಖರ್ಚು ಹುಟ್ಟುವಷ್ಟು ಇರಲಿಲ್ಲ. ಗೆದ್ದ ಒಂದು ಷೇರಿನ ಕತೆ ಹೇಳಿ ನಿಮ್ಮನ್ನು ಹುರಿದುಂಬಿಸುವವರಿಗೆ ಉಳಿದವುಗಳ ಗತಿ ಏನಾಯಿತೆಂದು ಕೇಳಿ.

ಕೊಳ್ಳುವ ಮುನ್ನ ಒಂದು ಹಾಳೆ ತೆಗೆದು ಎಡಕ್ಕೆ "ಯಾಕೆ ಏರಬಹುದು", ಬಲಕ್ಕೆ "ಯಾಕೆ ಮುಳುಗಬಹುದು" ಎಂದು ಐದೈದು ಸಾಲು ಬರೆಯಿರಿ. ಬಲಭಾಗ ತುಂಬದಿದ್ದರೆ ನೀವಿನ್ನೂ ಓದಿಲ್ಲ. ಕೆಳಗೆ, ಯಾವ ಸುದ್ದಿ ಬಂದರೆ ಮಾರುತ್ತೇನೆ ಎಂದು ದಿನಾಂಕ ಹಾಕಿ ಬರೆಯಿರಿ. ವಾಟ್ಸ್ಆ್ಯಪ್, ಟೆಲಿಗ್ರಾಮ್ ಸಲಹೆಗಾರರ ಹೆಸರು ಸೆಬಿಯ ನೋಂದಾಯಿತ ಪಟ್ಟಿಯಲ್ಲಿದೆಯೇ ಹುಡುಕಿ. ಷೇರು ವಿನಿಮಯ ಕೇಂದ್ರಗಳ ಎಎಸ್‌ಎಂ ಅಥವಾ ಜಿಎಸ್‌ಎಂ ನಿಗಾ ಪಟ್ಟಿಯಲ್ಲಿ ಆ ಷೇರು ಇದ್ದರೆ, ಕಾರಣ ತಿಳಿಯುವವರೆಗೆ ಮುಟ್ಟಬೇಡಿ.

9. ಸಂಬಳ, ಸೂರು, ಉಳಿತಾಯ ಒಂದೇ ಕಡೆ ಕಟ್ಟಬೇಡಿ

ಈ ಪಾಠಕ್ಕೆ ನಮ್ಮೂರು ತೆತ್ತಷ್ಟು ಬೆಲೆ ಇನ್ನಾವ ಊರೂ ತೆತ್ತಿರಲಿಕ್ಕಿಲ್ಲ. ಕೆಲಸ, ಕ್ವಾರ್ಟರ್ಸ್, ಆಸ್ಪತ್ರೆ, ನೀರು ಎಲ್ಲವೂ ಒಂದೇ ಕಂಪನಿಯಿಂದ ಬರುತ್ತಿದ್ದ ಸಾವಿರಾರು ಮನೆಗಳಿಗೆ 2001ರಲ್ಲಿ ಎಲ್ಲವೂ ಒಟ್ಟಿಗೇ ಕಳಚಿತು. ಕೆಲಸಗಾರರ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ, ಅವರಿಗೆ ಬೇರೆ ಆಯ್ಕೆಯೂ ಇರಲಿಲ್ಲ. ನಮಗೆ ಆಯ್ಕೆ ಇದೆ. ಅಪ್ಪನ ನಿವೃತ್ತಿ ಹಣ, ತಂಗಿಯ ಕಾಲೇಜು ಶುಲ್ಕ, ಸಾಲ ತಂದ ಹಣ ಇವು ಸಣ್ಣ ಕಂಪನಿಯ ಷೇರಿಗೆ ಹೋಗಲೇಬಾರದು. ನೀವು ದುಡಿಯುವ ಕಂಪನಿಯ ಷೇರನ್ನೇ ರಾಶಿ ಹಾಕಿಕೊಳ್ಳುವುದೂ ಬೇಡ. ಪೂರ್ತಿ ಹೋದರೂ ಮನೆ ನಡೆಯುವಷ್ಟು ಮೊತ್ತ ಮಾತ್ರ ಹಾಕಿ, ಅದನ್ನೂ ನಾಲ್ಕೈದು ಕಡೆ ಹಂಚಿ.

ಇಷ್ಟೆಲ್ಲ ಎಚ್ಚರಿಕೆ ಹೇಳಿದ್ದು ಹೆದರಿಸಲಿಕ್ಕಲ್ಲ. ದೇಶಕ್ಕೆ ಹೊಸ ಲೋಹ, ಹೊಸ ಪುಡಿ, ಹೊಸ ಲೇಪನ ಮಾಡುವ ಸಣ್ಣ ಕಂಪನಿಗಳು ಬೇಕೇ ಬೇಕು. ಅವಕ್ಕೆ ತಾಳ್ಮೆಯ ಷೇರುದಾರರೂ ಬೇಕು. ಅಂಥ ಷೇರುದಾರರಾಗುವ ಅರ್ಹತೆ ನಮ್ಮವರಿಗೆ ಬೇರೆಯವರಿಗಿಂತ ಹೆಚ್ಚೇ ಇದೆ. ಬಂಡೆ, ಕುಲುಮೆ, ಲೇತ್, ವೆಲ್ಡಿಂಗ್ ಗೊತ್ತಿರುವ ಹಿರಿಯರು ಊರಿಗಾಂ, ಚಾಂಪಿಯನ್, ರಾಬರ್ಟ್‌ಸನ್‌ಪೇಟೆಯ ಮನೆ ಮನೆಯಲ್ಲಿದ್ದಾರೆ. ಈ ಭಾನುವಾರ ನೀವು ಕಣ್ಣಿಟ್ಟಿರುವ ಒಂದು ಕಂಪನಿಯ ವಾರ್ಷಿಕ ವರದಿ ಇಳಿಸಿಕೊಂಡು ಅವರ ಪಕ್ಕ ಕೂತು ಓದಿ. ನಗದು ಹರಿವು, ಗಿರಾಕಿಗಳ ಪಟ್ಟಿ, ಲೆಕ್ಕಪರಿಶೋಧಕರ ಟಿಪ್ಪಣಿ ಈ ಮೂರು ಭಾಗ ಮುಗಿಯುವವರೆಗೆ ಷೇರಿನ ಆ್ಯಪ್ ತೆರೆಯಬೇಡಿ.