ವೈದ್ಯರ ಕೊಠಡಿಯಲ್ಲಿ ಏರುವ ರಕ್ತದೊತ್ತಡ

ತೋಳಿಗೆ ಪಟ್ಟಿ ಬಿಗಿದು, ಗಾಳಿ ತುಂಬಿ, ಮೆಲ್ಲನೆ ಸಡಿಲಿಸುತ್ತ, ಸ್ಟೆತಾಸ್ಕೋಪಿನಲ್ಲಿ ಮೊದಲ ಬಡಿತ ಕೇಳಿಸಿದಾಗಿನ ಅಂಕವನ್ನು ಮೇಲಿನ ಒತ್ತಡವೆಂದೂ ಸದ್ದು ಅಡಗಿದಾಗಿನದನ್ನು ಕೆಳಗಿನ ಒತ್ತಡವೆಂದೂ ಗಣಿಸುವ ಕ್ರಮವನ್ನು ರಷ್ಯಾದ ಶಸ್ತ್ರವೈದ್ಯ ಕೊರೊಟ್ಕಾಫ್ 1905ರಲ್ಲಿ ಪ್ರಕಟಪಡಿಸಿದನು. ಆ ಅಂಕಗಳು ಒಮ್ಮೆ 140/90ನ್ನು ಮುಟ್ಟಿದ ಮಾತ್ರಕ್ಕೆ ಎದೆಗುಂದುವ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಮೆಟ್ಟಿಲೇರಿ ಬಂದ ಏದುಸಿರು, ಆಗತಾನೆ ಕುಡಿದ ಕಾಫಿ, ತಡೆದುಕೊಂಡ ಮೂತ್ರ, ಬಿಳಿಯ ಕೋಟಿನ ದರ್ಶನದಿಂದಲೇ ಹುಟ್ಟುವ ಅವ್ಯಕ್ತ ಭೀತಿ, ಇವೆಲ್ಲವೂ ಒತ್ತಡವನ್ನು ಏರಿಸಬಲ್ಲವಾದುದರಿಂದ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಹೃದಯದ ಮಟ್ಟದಲ್ಲಿರಿಸಿ, 5 ನಿಮಿಷ ಮೌನವಾಗಿ ಕುಳಿತ ತರುವಾಯವೇ ಅಳೆಯಿಸಿಕೊಳ್ಳತಕ್ಕುದು. (ನಮ್ಮವರಿಗೆ ಮೌನವೇ ಕಠಿನ!) ದಪ್ಪ ತೋಳಿಗೆ ಕಿರಿದಾದ ಪಟ್ಟಿ ಸುತ್ತಿದರೂ ಅಂಕವು ವೃಥಾ ಹೆಚ್ಚಾಗಿ ತೋರುವುದು.

ಮನೆಯಲ್ಲಿ ಕೆಲವು ದಿನ ಬೆಳಗ್ಗೆ ಸಂಜೆ ಅಳೆದು ಬರೆದಿಟ್ಟ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದೇ ಮೇಲು. ಅಲ್ಲಿ ಸರಾಸರಿಯು 135/85ಕ್ಕಿಂತ ಕೆಳಗಿದ್ದರೆ ಆತಂಕಕ್ಕೆ ಎಡೆ ಕಡಿಮೆ. ಕೆಲವರಲ್ಲಿ ಇದಕ್ಕೆ ವಿಪರೀತವಾಗಿ, ವೈದ್ಯರಲ್ಲಿ ತಗ್ಗಿದ್ದು ಮನೆಯಲ್ಲಿ ಏರುವುದೂ ಉಂಟು. ಭೀತಿಯ ನೆಪವೊಡ್ಡಿ, ಕೊಟ್ಟ ಮಾತ್ರೆಯನ್ನು ಸ್ವೇಚ್ಛೆಯಿಂದ ನಿಲ್ಲಿಸುವುದು ಮಾತ್ರ ಶುದ್ಧ ಅವಿವೇಕ. ಅಂಕವು 180/120ನ್ನು ಮೀರಿ, ಜೊತೆಗೆ ಎದೆನೋವೋ ಮಾತಿನ ತೊದಲೋ ಕಾಣಿಸಿಕೊಂಡರೆ, ಮರಳಿ ಅಳೆಯುತ್ತ ಕೂಡದೆ ಆಸ್ಪತ್ರೆಗೆ ಧಾವಿಸಿರಿ.