ಟಿಲ್ಲರ್ ಮತ್ತು ಟ್ರ್ಯಾಕ್ಟರುಗಳ ರಿಪೇರಿಗೆ ಉತ್ತಮವಾದ ಕೈಹತ್ಯಾರುಗಳು

ಭದ್ರಾ ನಾಲೆಯ ಬಯಲಿನಲ್ಲಿ ಗದ್ದೆಗಳನ್ನು ಕೆಸರುಮಾಡಿ ನಾಟಿಗೆ ಸಿದ್ಧಪಡಿಸುವ ಕೆಲಸವು ಈಗ ಹೆಚ್ಚಾಗಿ ಪವರ್ ಟಿಲ್ಲರ್ ಮತ್ತು ಟ್ರ್ಯಾಕ್ಟರುಗಳಿಂದಲೇ ನಡೆಯುತ್ತಿರುವುದು. ಬಳಲಿದ ಎತ್ತನ್ನು ಒಂದು ಹೊತ್ತು ಕಟ್ಟಿಹಾಕಿ ಮೇವು ಕೊಟ್ಟರೆ ಸುಧಾರಿಸಿಕೊಳ್ಳುವುದು, ಯಂತ್ರವು ಹಾಗಲ್ಲ. ನಾಲೆಗೆ ನೀರು ಬಂದು, ಸಸಿಯು ಕೀಳುವ ಹದಕ್ಕೆ ಬಂದಿರುವಾಗ ಟಿಲ್ಲರು ಮೂರು ದಿನ ನಿಂತುಹೋದರೆ ಸಸಿಯು ಬಲಿತುಹೋಗುವುದು, ನಾಟಿಯ ಆಳುಗಳು ಬೇರೆಯವರ ಗದ್ದೆಗೆ ಹೋಗುವರು, ಬಲಿತ ಸಸಿಯಲ್ಲಿ ತೆಂಡೆಯೂ ಕಡಿಮೆಯಾಗುವುದು.

ಹೀಗೆ ನಿಲ್ಲುವುದಕ್ಕೆ ಕಾರಣವು ಅನೇಕ ವೇಳೆ ದೊಡ್ಡ ದೋಷವೇನೂ ಅಲ್ಲ. ಡೀಸೆಲ್ ಪೂರ್ತಿ ತೀರುವವರೆಗೆ ಓಡಿಸಿದ ಎಂಜಿನ್ನಿನ ಕೊಳವೆಯಲ್ಲಿ ಗಾಳಿ ಸೇರಿದರೆ, ಮತ್ತೆ ಡೀಸೆಲ್ ತುಂಬಿದರೂ ಅದು ಚಾಲೂ ಆಗದು. ಫಿಲ್ಟರಿನ ಬಳಿಯ ಗಾಳಿತಿರುಪನ್ನು ಸ್ವಲ್ಪ ಸಡಿಲಿಸಿ, ನೊರೆಯಿಲ್ಲದ ಡೀಸೆಲ್ ಬರುವವರೆಗೆ ಬಿಟ್ಟು, ಪುನಃ ಬಿಗಿಮಾಡಿದರೆ ಸಾಮಾನ್ಯವಾಗಿ ಕೆಲಸವು ಮುಗಿಯಿತು. ಇದಕ್ಕೆ ಬೇಕಾದುದು ಅಳತೆಗೆ ಸರಿಯಾದ ಒಂದೇ ಒಂದು ಸ್ಪ್ಯಾನರ್. ಆದರೆ ಸಂತೆಯಲ್ಲಿ ಅಗ್ಗಕ್ಕೆ ಕೊಂಡ ಸ್ಪ್ಯಾನರಿನ ಬಾಯಿಯು ಒತ್ತಡಕ್ಕೆ ಅಗಲಿಸಿ ಜಾರುವುದು. ಜಾರಿದಾಗ ತಿರುಪಿನ ಮೂಲೆಗಳು ಸವೆದು ಗುಂಡಗಾಗುವುವು. ಆ ಮೇಲೆ ಒಳ್ಳೆಯ ಸ್ಪ್ಯಾನರ್ ತಂದರೂ ಅದು ಹಿಡಿಯಲಾರದು. ಉಳಿಯಿಂದ ಕಡಿಯಬೇಕು, ಇಲ್ಲವೆ ಯಂತ್ರವನ್ನು ಪಟ್ಟಣಕ್ಕೆ ಸಾಗಿಸಬೇಕು. ಅಗ್ಗದ ಹತ್ಯಾರಿನ ನಿಜವಾದ ಬೆಲೆಯು ಆಗ ತಿಳಿದುಬರುವುದು.

ಒಂದೇ ರೂಪದ ಎರಡು ಸ್ಪ್ಯಾನರುಗಳಲ್ಲಿ ಇಷ್ಟು ಅಂತರವೇಕೆಂಬುದನ್ನು ಭದ್ರಾವತಿಯ ಸುತ್ತಿನವರಿಗೆ ವಿವರಿಸುವುದು ಸುಲಭ. ನ್ಯೂ ಟೌನಿನ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಇದ್ದಲಿನಿಂದ ಕರಗಿಸಿ ಬೀಡುಕಬ್ಬಿಣವನ್ನು ತೆಗೆಯುತ್ತಿದ್ದರು; ಉಕ್ಕಿನ ತಯಾರಿಕೆಯು ಅನಂತರ ಬಂದಿತು. ಬೀಡಿನಲ್ಲಿ ಇಂಗಾಲವು ನೂರಕ್ಕೆ ಮೂರು ನಾಲ್ಕು ಪಾಲಿನಷ್ಟಿರುವುದರಿಂದ ಅದು ಪೆಟ್ಟಿಗೆ ಒಡೆಯುವುದು. ಇಂಗಾಲವು ತೀರ ಕಡಿಮೆಯಿರುವ ಮೆದುಕಬ್ಬಿಣವು ಬಾಗುವುದು. ಸ್ಪ್ಯಾನರಿಗೆ ಇವೆರಡೂ ಆಗದು. ಕ್ರೋಮಿಯಂ, ವೆನೇಡಿಯಂ ಮೊದಲಾದುವನ್ನು ಬೆರೆಸಿದ ಉಕ್ಕನ್ನು ಬಡಿದು ರೂಪಿಸಿ, ಕಾಸಿ, ಹಠಾತ್ತಾಗಿ ತಣಿಸಿ, ಪುನಃ ಮಿತವಾಗಿ ಕಾಸಿ ಹದಕೊಟ್ಟಾಗ ಬಿಗುವೂ ತಾಳ್ಮೆಯೂ ಒಟ್ಟಿಗೆ ಬರುವುವು. ಕಮ್ಮಾರನು ಕೊಡಲಿಗೆ ಹದ ಹಾಕುವುದೂ ಇದೇ ತತ್ತ್ವದಿಂದಲೇ. ಮೇಲಿನ ಹೊಳಪಿನ ಲೇಪವು ತುಕ್ಕನ್ನು ತಡೆಯುವುದೇ ಹೊರತು ಒಳಗಿನ ಹದಕ್ಕೆ ಸಾಕ್ಷಿಯಲ್ಲ.

ಕೊಳ್ಳುವಾಗ ತಯಾರಕರ ಹೆಸರೂ ಅಳತೆಯೂ ಲೋಹದಲ್ಲಿಯೇ ಅಚ್ಚಾಗಿರುವುದನ್ನು ನೋಡತಕ್ಕದ್ದು. ತೆರೆದ ಬಾಯಿಯ ಸ್ಪ್ಯಾನರಿಗೆ ಐಎಸ್ 2028, ರಿಂಗ್ ಸ್ಪ್ಯಾನರಿಗೆ ಐಎಸ್ 2029 ಎಂಬ ಭಾರತೀಯ ಮಾನಕಗಳಿರುವುವು. ರಿಂಗ್ ಸ್ಪ್ಯಾನರು ನಟ್ಟನ್ನು ಸುತ್ತಲೂ ಹಿಡಿಯುವುದರಿಂದ ಬಿಗಿಯಾದುದನ್ನು ಬಿಚ್ಚಲು ಅದೇ ಮೇಲು. ಐವತ್ತು ಬಗೆಯ ಅಗ್ಗದ ಪೆಟ್ಟಿಗೆಗಿಂತ, ತಮ್ಮ ಯಂತ್ರದ ನಟ್ಟುಗಳನ್ನು ಅಳೆದುಕೊಂಡು ಬೇಕಾದ ಏಳೆಂಟನ್ನು ಮಾತ್ರ ಉತ್ತಮವಾಗಿ ಕೊಳ್ಳುವುದು ಜಾಣತನ. ಹಳೆಯ ಟ್ರ್ಯಾಕ್ಟರುಗಳಲ್ಲಿ ಅಂಗುಲದ ಅಳತೆಯೂ ಇರುವುದುಂಟು. ಅರ್ಧ ಅಂಗುಲವೆಂದರೆ 12.7 ಮಿ.ಮೀ.; ಅದಕ್ಕೆ 13ರ ಸ್ಪ್ಯಾನರು ಕೂಡುವಂತೆ ಕಂಡರೂ ಸಡಿಲವಾಗಿಯೇ ಇರುವುದು.

ಸ್ಪ್ಯಾನರನ್ನು ದೂಡದೆ ತನ್ನ ಕಡೆಗೆ ಎಳೆಯತಕ್ಕದ್ದು. ಜಾರಿದರೂ ಬೆರಳ ಗೆಣ್ಣುಗಳು ಯಂತ್ರಕ್ಕೆ ತಾಗವು. ಹಿಡಿಗೆ ಪೈಪು ತೊಡಿಸಿ ಉದ್ದ ಮಾಡುವುದೂ, ಸುತ್ತಿಗೆಯ ಬದಲು ಸ್ಪ್ಯಾನರಿನಿಂದ ಬಡಿಯುವುದೂ ಕೂಡದು. ಜಾಕ್ ಒಂದನ್ನೇ ನಂಬಿ ಟ್ರೇಲರಿನ ಅಡಿಗೆ ಯಾರೂ ನುಗ್ಗಕೂಡದು. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಅಚ್ಚಿನ ಕೆಳಗೆ ಗಟ್ಟಿಮರದ ದಿಮ್ಮಿಗಳನ್ನಿಟ್ಟ ಬಳಿಕವೇ ಕೆಲಸ. ಇದರಲ್ಲಿ ಉದಾಸೀನವು ಪ್ರಾಣಕ್ಕೆ ಬರುವುದು.

ಇಂಧನ ಪಂಪು, ಹೈಡ್ರಾಲಿಕ್ ಮೊದಲಾದುವನ್ನು ಮನೆಯಲ್ಲಿ ಬಿಚ್ಚದಿರುವುದೇ ಮೇಲು. ಅವು ಬಲ್ಲವರ ಕೆಲಸ. ಬೇರಿಂಗ್ ಪುಲ್ಲರ್, ಟಾರ್ಕ್ ವ್ರೆಂಚ್, ಭಾರದ ಜಾಕ್ ಇವು ವರ್ಷಕ್ಕೆ ಎರಡು ಮೂರು ಸಾರಿ ಮಾತ್ರ ಬೇಕಾಗುವುದರಿಂದ ಪ್ರತಿ ಮನೆಯವರೂ ಕೊಳ್ಳುವುದು ದುಂದು. ಗ್ರಾಮದ ಮುಖಂಡರು ಸಹಕಾರ ಸಂಘದ ಮೂಲಕ ಒಂದು ಜೊತೆಯನ್ನು ತರಿಸಿ, ಕೊಟ್ಟುದನ್ನೂ ಹಿಂದಕ್ಕೆ ಬಂದುದನ್ನೂ ಪುಸ್ತಕದಲ್ಲಿ ಬರೆಯಿಸತಕ್ಕದ್ದು. ಕೆಸರಿನಲ್ಲಿ ಬಳಸಿದ ಹತ್ಯಾರುಗಳನ್ನು ಅಂದೇ ಒರೆಸಿ, ಎಣ್ಣೆ ಸವರಿ, ಗದ್ದೆಯಿಂದ ಹೊರಡುವ ಮೊದಲು ಎಣಿಸಿ ಪೆಟ್ಟಿಗೆಯಲ್ಲಿಡಬೇಕು. ಕೆಸರಿನಲ್ಲಿ ಹೂತುಹೋದ ಸ್ಪ್ಯಾನರು ಮುಂದಿನ ಉಳುಮೆಯಲ್ಲಿ ಟಿಲ್ಲರಿನ ಅಲಗಿಗೇ ಸಿಕ್ಕುವ ಸಂಭವವುಂಟು.