ಚಟ ಹತ್ತಿದ ಮಗನನ್ನು ಊರಿಗೆ ಅಟ್ಟುವ ಮುನ್ನ

ಹೊಟ್ಟೆಪಾಡಿಗಾಗಿ ಅಹಮದಾಬಾದು, ವಡೋದರಾ, ಸೂರತ್ತುಗಳಿಗೆ ಬಂದ ನಮ್ಮವರ ಮನೆಗಳಲ್ಲಿ, ತಂದೆಗೆ ಪಾಳಿಯ ಕೆಲಸವಿದ್ದರೆ ಹದಿಹರೆಯದ ಮಗನ ದಿನಚರಿ ಅವರ ಕಣ್ಣಿಗೆ ಬೀಳುವುದೇ ಕಡಿಮೆ. ಅವನಿಗೆ ಅಮಲಿನ ಚಟ ಹತ್ತಿದೆಯೆಂದು ತಿಳಿದೊಡನೆ, ನಾಲ್ವರಿಗೆ ಗೊತ್ತಾಗುವ ಮೊದಲೇ ಊರಿನ ರೈಲು ಹತ್ತಿಸಿಬಿಡೋಣವೆಂದು ಅನೇಕರಿಗೆ ತೋರುತ್ತದೆ. ಇದರಲ್ಲಿರುವ ಅಪಾಯವನ್ನು ನಾವು ಅರಿಯಬೇಕು.

ಎಲ್ಲ ಅಮಲೂ ಒಂದೇ ಬಗೆಯದಲ್ಲ. ಎಳೆಯರಿಗೆ ಸುಲಭವಾಗಿ ಸಿಕ್ಕುವಂಥವು ಥಿನ್ನರ್, ವೈಟ್ನರ್, ಪಂಕ್ಚರಿನ ಅಂಟು. 2019ರಲ್ಲಿ ಪ್ರಕಟವಾದ ದಿಲ್ಲಿಯ ಏಮ್ಸ್ ಸಮೀಕ್ಷೆಯಂತೆ, ಇವನ್ನು ಮೂಸುವವರು ವಯಸ್ಕರಲ್ಲಿ ನೂರಕ್ಕೆ 0.58, 10ರಿಂದ 17 ವರ್ಷದವರಲ್ಲಿ 1.17. ಒಮ್ಮೆ ಮೂಸಿದರೂ ಹೃದಯದ ಬಡಿತ ಕೆಟ್ಟು ಪ್ರಾಣ ಹೋಗಬಹುದು.

ಅಫೀಮು, ಹೆರಾಯಿನ್, ಕೊಡೀನ್ ಬೆರೆತ ಕೆಮ್ಮಿನ ಔಷಧ ಇನ್ನೊಂದು ಗುಂಪು. ಇವಕ್ಕೆ ದೇಹ ಒಗ್ಗಿದಂತೆಲ್ಲ ಅಳತೆ ಏರುತ್ತದೆ. ಸಿಗದಿದ್ದರೆ ಆಕಳಿಕೆ, ಮೂಗಿನ ಸೋರಿಕೆ, ಮೈಕೈ ನೋವು, ಭೇದಿ ಕಾಣುತ್ತವೆ. ಇದನ್ನು ಸೋಗೆಂದು ತಿಳಿದು ಹುಡುಗನನ್ನು ಹೊಡೆಯಬಾರದು. ಊರಿನಲ್ಲಿ ಕೆಲವು ವಾರ ಬಿಟ್ಟಿದ್ದರೆ ದೇಹದ ತಾಳಿಕೆ ಇಳಿದುಹೋಗುತ್ತದೆ, ಆಸೆ ಮಾತ್ರ ಉಳಿಯುತ್ತದೆ. ಹಿಂತಿರುಗಿ ಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಂತೀತು. ಆಸ್ಪತ್ರೆಯಲ್ಲಾದರೆ ಬ್ಯುಪ್ರೆನಾರ್ಫಿನ್‌ನಂಥ ಔಷಧದಿಂದ, ವೈದ್ಯರ ಮೇಲ್ವಿಚಾರಣೆಯಲ್ಲಿ, ಈ ಆಸೆಯನ್ನು ಹತೋಟಿಗೆ ತರುವ ಉಪಾಯವಿದೆ.

ಪೊಲೀಸರ ಭಯದಿಂದ ಬಚ್ಚಿಡುವವರೂ ಇದ್ದಾರೆ. 1985ರ ಮಾದಕ ಪದಾರ್ಥ ಕಾಯಿದೆಯ 64ಎ ವಿಧಿಯಂತೆ, ಸ್ವಂತ ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಸಿಕ್ಕ ವ್ಯಸನಿಯು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆಯುಂಟು. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಅದು ತಪ್ಪಬಹುದು. ಮಕ್ಕಳಿಗೆ ಮಾದಕ ವಸ್ತು ಕೊಡುವವನಿಗಾದರೋ 2015ರ ಬಾಲ ನ್ಯಾಯ ಕಾಯಿದೆಯಂತೆ 7 ವರ್ಷದವರೆಗೆ ಸಜೆಯಿದೆ.

ಅಹಮದಾಬಾದಿನ ದಿಲ್ಲಿ ದರವಾಜಾ ಹೊರಗೂ ವಡೋದರೆಯ ಕಾರೇಲಿಬಾಗಿನಲ್ಲೂ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿವೆ. ಸೂರತ್ತಿನವರು ನ್ಯೂ ಸಿವಿಲ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. 14446ಕ್ಕೆ ಹಣವಿಲ್ಲದೆ ಫೋನು ಮಾಡಿ ಸಲಹೆ ಕೇಳಬಹುದು. ಭಾಷೆ ತಿಳಿಯದ ತಾಯಂದಿರ ಜೊತೆಗೆ ಗುಜರಾತಿ ಬಲ್ಲ ನೆರೆಯವರೊಬ್ಬರು ಹೋದರೆ ಬಹಳ ಉಪಕಾರವಾದೀತು.

ಗುಣವಾಗುತ್ತಿರುವ ಹುಡುಗ ಮತ್ತೊಮ್ಮೆ ಜಾರುವುದುಂಟು. ಆಗ ಬಾಗಿಲು ಮುಚ್ಚದೆ ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹೊತ್ತಿಗೆ ಊಟ, ನಿದ್ರೆ, ಶಾಲೆಯೋ ಕಸುಬೋ ಒಂದು, ಹಳೆಯ ಸಂಗದಿಂದ ದೂರ, ದಿನಕ್ಕೊಂದು ಗಳಿಗೆ ತಂದೆಯ ಜೊತೆ ಮಾತು: ಇಷ್ಟನ್ನು ತಿಂಗಳುಗಟ್ಟಲೆ ನಡೆಸಿಕೊಂಡು ಹೋಗಬೇಕು. ಊರಿಗೆ ಕರೆದೊಯ್ಯಬೇಕೆನಿಸಿದರೆ ವೈದ್ಯರನ್ನು ಕೇಳಿ, ಅಲ್ಲಿಯೂ ಚಿಕಿತ್ಸೆ ಮುಂದುವರಿಯುವ ಏರ್ಪಾಡು ಮಾಡಿಕೊಂಡೇ ಹೊರಡಿರಿ.